ಕಣ್ಣಿನ ನೀರು

ರಕ್ತವನ್ನು ಪೂರ್ತಿ ನಂಬುವ ಹಾಗಿಲ್ಲ.
ಸತ್ತ ಮೇಲೂ ಅದು ಇಟ್ಟ ಅಂಬಲಿಯಂತೆ ಹುಳಿಯುತ್ತದೆ,
ಕುಡಿಯದವನ ಮೈಯಲ್ಲೂ ಒಂದಿಷ್ಟು ಮದ್ಯ
ತಾನೇ ಕಟ್ಟಿಕೊಳ್ಳುತ್ತದೆ.
ಕಣ್ಣು ಹಾಗಲ್ಲ.
ಅದಕ್ಕೇ ನಮಗೆ ಕಣ್ಣಿನ ನೀರನ್ನೂ ಕಳಿಸುತ್ತಾರೆ:
ಅತ್ತದ್ದಲ್ಲ, ಅಳದೆ ಉಳಿದದ್ದು,
ಗುಡ್ಡೆಯೊಳಗಿಂದ ಸೂಜಿಯಲ್ಲಿ ಸೆಳೆದದ್ದು,
ನೀಲಿ ಮುಚ್ಚಳದ ಸೀಸೆಯಲ್ಲಿ ಎರಡೇ ಎರಡು ಮಿಲಿ.

ಜನವರಿಯಲ್ಲಿ ತಾರ್ತುವಿಗೆ ಬೆಳಕು ಬರುವುದು ಒಂಬತ್ತಕ್ಕೆ.
ನದಿ ಹೆಪ್ಪುಗಟ್ಟಿದೆ. ಕೋಟು ಕಳಚಿ, ಕೈಗವಸು ತೊಟ್ಟು
ಸೋಮವಾರದ ತಟ್ಟೆಯನ್ನು ಹತ್ತಿರ ಎಳೆದುಕೊಳ್ಳುತ್ತೇನೆ.
ಸೋಮವಾರದ ತಟ್ಟೆ ಯಾವಾಗಲೂ ತುಂಬಿರುತ್ತದೆ.

ಹೆಸರಿಲ್ಲ. ಸಂಖ್ಯೆ, ವಯಸ್ಸು, ಕಸುಬು.
ಯಂತ್ರ ಗುನುಗುತ್ತದೆ. ತೆರೆಯ ಮೇಲೆ ಗೆರೆ
ಬಯಲಲ್ಲಿ ನಡೆದು ನಡೆದು
ತಟ್ಟನೆ ಗುಡ್ಡ ಹತ್ತುತ್ತದೆ.

ನಲವತ್ತೊಂದು: ಸಾವಿರಕ್ಕೆ ಎರಡು ಪಾಲು. ಗಂಡು, ಇಪ್ಪತ್ತಾರು.

ನಲವತ್ತೆರಡು: ಲಾರಿ ಚಾಲಕ. ಹನಿ ಮದ್ಯವಿಲ್ಲ.
ನಿದ್ದೆ ಓಡಿಸುವ ಗುಳಿಗೆಯ ಗುರುತಿದೆ,
ಅದರ ಬೆನ್ನಿಗೇ ನಿದ್ದೆ ಕರೆಯುವ ಗುಳಿಗೆಯದೂ.
ಒಂದೇ ಗಾಡಿಗೆ ಎರಡು ಕುದುರೆ, ಎರಡು ದಿಕ್ಕಿಗೆ.

ನಲವತ್ತಮೂರು:
ಗೆರೆ ಏಳಲಿಲ್ಲ.
ಇನ್ನೊಮ್ಮೆ ಹಾಕಿದೆ. ಏಳಲಿಲ್ಲ.
ಸೊನ್ನೆ.
ನಲವತ್ತೊಂದರ ಎದುರಿಗೆ ಬಂದ ಕಾರು.
ಹೆಣ್ಣು, ಮೂವತ್ತನಾಲ್ಕು, ರಾತ್ರಿ ಪಾಳಿ ಮುಗಿಸಿದ ದಾದಿ.
ಹತ್ತೊಂಬತ್ತು ವರ್ಷದಿಂದ ಅಂಕಿ ಬರೆಯುತ್ತಿದ್ದೇನೆ,
ಕೈ ತಡೆಯುವುದು ಅದೊಂದಕ್ಕೇ.

ಶನಿವಾರ ಸಂತೆಯಲ್ಲಿ ಹೆಲ್ಯು,
ಉಪ್ಪೆಲೆಕೋಸು, ಕೆಂಪು ಹಣ್ಣಿನ ಜಾಮು ಮಾರುವವಳು,
ಕಪ್ಪು ಶಾಲು ಹೊದ್ದಿದ್ದಳು.
'ನಮ್ಮ ರೈಗೊ,' ಎಂದಳು. 'ಪೊಲ್ವ ರಸ್ತೆಯಲ್ಲಿ. ಇಪ್ಪತ್ತಾರು ಇನ್ನೂ.
ಜನ ಏನೇನೋ ಅನ್ನುತ್ತಾರೆ. ಅವನು ತೊಟ್ಟು ಮುಟ್ಟಿದವನಲ್ಲ.
ಮಂಜುಗಡ್ಡೆ ಕಣಮ್ಮಾ, ಬರೀ ಮಂಜುಗಡ್ಡೆ.'

ಅವಳ ಮಗನ ಕಣ್ಣು ನನ್ನ ಕೈಯಲ್ಲಿ ಹಾದು ಹೋಗಿತ್ತು.
ಬಣ್ಣ ಯಾವುದೆಂದು ನನಗೆ ಗೊತ್ತಿಲ್ಲ.
'ಆ ತಿರುವಿನಲ್ಲಿ ಬಹಳ ಜಾರುತ್ತದೆ,' ಎಂದೆ.
ಸುಳ್ಳೇನಲ್ಲ. ಜಾರುತ್ತದೆ.
ಬೇಡದಿದ್ದರೂ ಎರಡು ಬಾಟಲಿ ಜಾಮು ಕೊಂಡೆ.
ಚಿಲ್ಲರೆ ಎಣಿಸಿ ಕೊಡುವಾಗ ಅವಳು ಒಂದು ಹೆಚ್ಚೇ ಕೊಟ್ಟಳು,
ಹಿಂದಿರುಗಿಸಿದೆ, ಅಂಕಿಯಲ್ಲಿ ನಾನು ತಪ್ಪುವುದಿಲ್ಲ.

ಒಂದನ್ನು ಮಾತ್ರ ಯಾವ ನಮೂನೆಯಲ್ಲೂ ಬರೆದಿಲ್ಲ.
ಇಪ್ಪತ್ತೆರಡರ ವಯಸ್ಸು, ನಡುಬೇಸಿಗೆಯ ಬೆಂಕಿಹಬ್ಬ,
ಹೊಗೆ ಹಿಡಿದ ಕೂದಲು, ಕತ್ತಲಾಗದ ರಾತ್ರಿ,
ಹಿಂದಿನ ಸೀಟಿನಲ್ಲಿ ಹಾಡುತ್ತಿದ್ದ ಮೂವರು ಗೆಳತಿಯರು,
ಚಕ್ರ ನನ್ನ ಕೈಯಲ್ಲಿ. ಎಷ್ಟು ಕುಡಿದಿದ್ದೆನೋ
ಅಳೆದವರಿಲ್ಲ.
ಒಬ್ಬೊಬ್ಬರನ್ನೂ ಅವರವರ ಬಾಗಿಲಿಗೆ ಬಿಟ್ಟೆ.
'ಎಷ್ಟು ಚೆನ್ನಾಗಿ ಓಡಿಸುತ್ತೀಯೆ,' ಎಂದಳು ಕೊನೆಯವಳು.

ಚೆನ್ನಾಗಿ ಅಲ್ಲ.
ಇಪ್ಪತ್ತು ಕಿಲೋಮೀಟರ್ ಉದ್ದಕ್ಕೂ
ಪಾಳಿ ಮುಗಿಸಿದ ಯಾರೂ
ಎದುರಿಗೆ ಬರಲಿಲ್ಲ.