ಎಂಟು ಚೀಟಿ

ಲಗ್ನಪತ್ರಿಕೆ ಕತ್ತರಿಸಿ ಉಳಿದ ಅಂಚು,
ಹಳದಿ, ದಪ್ಪ, ಒಂದು ಬದಿಗೆ ಗಣಪತಿಯ ಅರ್ಧ ಸೊಂಡಿಲು.
ಅದರ ಬೆನ್ನಿಗೆ ಎಂಟು ತಂಡದ ಹೆಸರು ಬರದೆ.
ಪ್ರೆಸ್ಸಿನಾಗ ದುಡಿಯಾವಗ
ಕಾಗದಕ್ಕೇನು ಬರ?

ತಲಾ ನೂರು. ಎತ್ತಿದ ಚೀಟಿ ನಿಂದು,
ಫೈನಲ್ ಗೆದ್ದ ಚೀಟಿಗೆ ಎಂಟುನೂರೂ.
ಇಷ್ಟ ಕಾನೂನು. ಆದರೂ ಅಂಬಾಸಾ ಹಬೀಬ
ಎರಡು ತಾಸು ವಕೀಲಿಕಿ ಮಾಡಿದ:
ಮಳಿ ಬಂದ್ರ? ಮ್ಯಾಚ್ ನಿಂತ್ರ? ಅಂಪೈರ್ ಬಡಿಸಿಕೊಂಡ್ರ?
"ಬಡಿಸಿಕೊಂಡ್ರ ಅವಂಗ ಒಂದು ಚಹಾ," ಅಂದ ದಾವಲಸಾಬ.
ಅದನ್ನೂ ವಹಿಯೊಳಗ ಬರಕೊಂಡೆ.

ಡಬ್ಬಿ ಸ್ಯಾಮ್ಯುವೆಲ್ಲನ ಊಟದ್ದು, ಇನ್ನೂ ಬದನಿಕಾಯಿ ನಾರತಿತ್ತು.
ಎಲ್ಲಾರ ಕಣ್ಣು ಬೆಟಗೇರಿ ಚೀಟಿ ಮ್ಯಾಲೆ.
ಅದು ಹೋಗಿ ಬಂದದ್ದು ಯಂಕೋಸಾಗ,
ಹಾಕಿ ಕೈಯಾಗ ಆಡತಾರೋ ಕಾಲಾಗೋ
ಇನ್ನೂ ಗೊತ್ತಿಲ್ಲದಾವಗ.
ಹುಲಗಪ್ಪ ಬಂದಿರಲಿಲ್ಲ, ಗೂಡ್ಸ್ ಶೆಡ್ಡಿನ ರಾತ್ರಿ ಕಾವಲಿ.
ಫೋನ್ ಹಚ್ಚಿ ಅವನ ಪರವಾಗಿ ನಾನ ಎತ್ತಿದೆ:
ಹುಬ್ಬಳ್ಳಿ.
ಆ ಕಡೆ ಸುಮ್ಮನಾತು.
ಒಂದು ಗಾಡಿ ಪೂರಾ ಹಾದುಹೋಗೂ ತನಕ ಸುಮ್ಮನ.
"ಇರಲಿ, ಬರಕೋ."

ಹನ್ನೊಂದು ವರ್ಷದ ಹಿಂದ
ಇದ ಮೈದಾನ, ಇದ ಹುಬ್ಬಳ್ಳಿ,
ಕಡೇ ಸ್ಟ್ರೋಕು ಹುಲಗಪ್ಪನದು.
ಚೆಂಡು ಕಂಬಕ್ಕ ಬಡದು ಟಣ್ ಅಂದದ್ದನ್ನ
ನಾವು ಎಂದೂ ಆಡಿಲ್ಲ.
ಅವ ಇದ್ದಾಗ ತಾಟು ಬಿದ್ದು ಸಪ್ಪಳಾದರೂ
ಮಾತು ಹೊಳ್ಳಸ್ತೀವಿ.

ನನ್ನ ತಂಡ ಮೊದಲ ದಿನಾನ ಆರು ಗೋಲು ತಿಂದು ಬಸ್ ಹತ್ತಿತು.
ಫೈನಲ್ ಭಾನುವಾರ. ಎರಡಕ್ಕೆರಡು. ಮತ್ತ ಸ್ಟ್ರೋಕು.
ಕಡೇದಕ್ಕ ನಮ್ಮ ಪರಶು ಬಂದ,
ಹದಿನೇಳು ವರ್ಷ, ಗೂಟಕ್ಕ ಹಾಕಿದಂಗ ಜರ್ಸಿ.
ಗೋಲ್‌ಕೀಪರನ ಬಲಗಾಲು ಅಡ್ಡ ಬಂತು. ಅಷ್ಟ.
ಮೈದಾನ ತುಂಬ ಮಂದಿ
ತಮ್ಮ ತಮ್ಮ ಚಪ್ಪಲಿ ಹುಡಕಾಕ ಹತ್ತಿದ್ರು.

ನಾ ಹುಲಗಪ್ಪನ ಮಾರಿ ನೋಡಲಿಲ್ಲ.
ನೋಡಲಿಲ್ಲ ಅನ್ನೂದು ಅವಗೂ ಗೊತ್ತು.
ಎಂಟುನೂರು ಎಣಿಸಿ ಕೊಟ್ಟೆ, ಅವ ಇನ್ನೊಮ್ಮೆ ಎಣಿಸಿದ,
ಹರಕು ನೋಟು ಒಂದು ತಿರುಗಿ ಕೊಟ್ಟು ಬ್ಯಾರೇದ್ದು ಇಸಗೊಂಡ.
"ಮಿರ್ಚಿನರ ತಿನಸೋ," ಅಂದ ಅಂಬಾಸಾ.
"ಕಾನೂನಿನಾಗ ಇಲ್ಲ," ಅಂದ. ಹ್ವಾದ.
ಜುಗ್ಗ, ಅಂದ್ರು ಎಲ್ಲಾರೂ.
ನಾನೂ ಅಂದೆ.

ಮೂರು ದಿನದ ಮ್ಯಾಲೆ, ಮುಂಜಾನೆ ಆರಕ್ಕ,
ಪ್ರೆಸ್ಸಿಗೆ ಹೊಂಟಾವ ಸಪ್ಪಳ ಕೇಳಿ
ಮೈದಾನದ ಕಡೆ ಸೈಕಲ್ ತಿರುಗಿಸಿದೆ.
ಗೋಲಿನಾಗ ಹುಲಗಪ್ಪ.
ರಾತ್ರಿಯ ಖಾಕಿ ಇನ್ನೂ ಬಿಚ್ಚಿಲ್ಲ, ಪ್ಯಾಡಿಲ್ಲ,
ಕಾಲಿಗೆ ಗೋಣಿಚೀಲ ಸುತ್ತಿ ಸುತಳಿ ಬಿಗದಾನ.
ಎದುರಿಗೆ ಪರಶು.
"ಒಳಗ ಹ್ವಾದ್ರ ನಿನಗ ಹತ್ತು ರೂಪಾಯಿ.
ನಾ ತಡದ್ರ ನನಗೇನೂ ಬ್ಯಾಡ, ಮತ್ತ ಹೊಡಿ."
ಕಿಸೆದಾಗ ನೋಟಿನ ಸುರಳಿ,
ಚಿಲ್ಲರ ಮಾಡಿಸ್ಯಾನ, ಎಲ್ಲಾ ಹತ್ತರದ್ದ.

"ಇದೆಂಥಾ ಜೂಜೋ? ಇದರಾಗ ನೀ ಗೆಲ್ಲೂದ ಇಲ್ಲಲ್ಲ."
"ಸುಮ್ನ ಲೆಕ್ಕ ಹಿಡಿ. ವಹಿ ತಂದಿ ಇಲ್ಲೋ?"
ಚೀಲದಾಗ ಇತ್ತು.
ಬಿಸಲು ಏರೂ ತನಕ ಗೆರಿ ಎಳದೆ,
ನಾಕು ನೆಟ್ಟಗ, ಐದನೇದು ಅಡ್ಡ.
ಹುಡುಗ ಒಳಗ ಹಾಕಿದ್ದು ಇಪ್ಪತ್ತಮೂರು.
ಮಾಲಕ ಎರಡು ಸಲ ಫೋನ್ ಮಾಡಿದ, ಎತ್ತಲಿಲ್ಲ.

ಒಂದು ಚೆಂಡು ಹೋಗಿ ಕಂಬಕ್ಕ ಬಡೀತು.
ಟಣ್.
ಪರಶು ಸ್ಟಿಕ್ಕು ಇಳಿಸಿದ. ನನ್ನ ಪೆನ್ನು ನಿಂತು ಬಿಡ್ತು.
ಹುಲಗಪ್ಪ ಕಂಬದ ಮ್ಯಾಲೆ ಕೈ ಇಟ್ಟು
ಅದರ ನಡುಕ ಇಳಿಯೂ ತನಕ ನಿಂತ.
"ಅದಕ್ಕ ಐದು," ಅಂದ, ಮೊಳಕಾಲು ತಿಕ್ಕೋತ.

ಬರಕೊಂಡೆ. ಕಂಬ: ಐದು ರೂಪಾಯಿ.
ಅಂಬಾಸಾಗ ಇನ್ನೂ ಹೇಳಿಲ್ಲ.