ಆರೂವರೆ ಗ್ರಾಂ

ಫೋರ್ಟಿನ ರಾತ್ರಿಶಾಲೆಯಲ್ಲಿ ಸ್ಕ್ರೂಗೇಜು ಇತ್ತು,
ಇದ್ದದ್ದು ಹಗಲುಶಾಲೆಯವರ ಕಪಾಟಿನಲ್ಲಿ.
ಅದರ ಬೀಗದ ಕೈ ದಿನವೂ
ಆರೂ ಹತ್ತರ ಲೋಕಲ್ ಹಿಡಿದು
ಯಾರದೋ ಕಿಸೆಯಲ್ಲಿ ಡೊಂಬಿವಲಿಗೆ ಹೋಗುತ್ತಿತ್ತು.

ನಾವು ಬರುವುದು ಏಳೂವರೆಗೆ,
ಕ್ಯಾಂಟೀನಿನ ಕೊನೆಯ ಮೇಜು ಒರೆಸಿ,
ಉಗುರಿನ ಸಂದಿಯಲ್ಲಿ ಇನ್ನೂ ಕಡಲೆಹಿಟ್ಟು.

ಕರ್ಕೇರ ಮಾಸ್ತರು ಅಂದು
ಚಪಾತಿ ಸುತ್ತಿದ ಅಲ್ಯೂಮಿನಿಯಂ ಹಾಳೆ ಬಿಚ್ಚಿದರು.
ಚಪಾತಿ ನಮಗೆ ಹಂಚಿದರು.
ಹಾಳೆಯನ್ನು ಲೋಟದ ತಳದಿಂದ ತೀಡಿ ತೀಡಿ
ಬೆಂಚಿನ ಮೇಲೆ ಮಲಗಿಸಿ ಕೇಳಿದರು,
"ಇದರ ದಪ್ಪ ಎಷ್ಟು?"

ದಪ್ಪ ಎಲ್ಲುಂಟು ಸಾರ್ ಇದಕ್ಕೆ,
ಉಸಿರು ಬಿಟ್ಟರೆ ಹಾರುತ್ತದೆ, ಎಂದ ಗುರುವ.

"ಹಾರುವುದಕ್ಕೂ ತೂಕ ಉಂಟು ಮಾರಾಯ.
ಬೆರಳಿಗೆ ಸಿಗದ್ದನ್ನು ತಕ್ಕಡಿಯ ಹತ್ತಿರ ಕೇಳು."

ಉದ್ದ ಐವತ್ತು, ಅಗಲ ಮೂವತ್ತು, ಸೆಂಟಿಮೀಟರ್.
ತೂಗುವುದೆಲ್ಲಿ?
ನಮಗೆ ಗೊತ್ತಿದ್ದ ತಕ್ಕಡಿಗಳೆಲ್ಲ ಈರುಳ್ಳಿಯವು,
ಇಂಥ ಹಾಳೆ ಹತ್ತು ಹೇರಿದರೂ
ನಿದ್ದೆಯಿಂದ ಏಳುವಂಥವಲ್ಲ.

ಗುರುವ ಝವೇರಿ ಬಜಾರಿನ ಪೇಢಿಯೊಂದರಲ್ಲಿ
ಬೆಳಿಗ್ಗೆ ಕಸ ಗುಡಿಸುತ್ತಿದ್ದ.
ಅಲ್ಲಿ ಕಸಕ್ಕೂ ಬೆಲೆ, ಎಸೆಯುವಂತಿಲ್ಲ.
ಗಾಜಿನ ಗೂಡಿನಲ್ಲಿ ಕೂತ ತಕ್ಕಡಿ
ಅಂಗೈಯ ಬೆವರನ್ನೂ ಲೆಕ್ಕಕ್ಕೆ ಹಿಡಿಯುತ್ತದಂತೆ.
ಹಾಳೆ ಮಡಚಿಕೊಂಡು ಅವನ ಕಿಸೆ ಸೇರಿತು.

ಮರುದಿನ ಚೀಟಿ: ೭.೭
ಸಾಂದ್ರತೆ ಎರಡು ಬಿಂದು ಏಳರಿಂದ ಭಾಗಿಸಿ,
ಬಂದದ್ದನ್ನು ಸಾವಿರದೈನೂರರಿಂದ ಭಾಗಿಸಿ,
ಸೊನ್ನೆಗಳನ್ನು ಎರಡೆರಡು ಸಲ ಎಣಿಸಿ,
ಹತ್ತೊಂಬತ್ತು ಮೈಕ್ರಾನ್!
ಬೆಂಚು ಗುದ್ದಿದೆವು.

ಮಾಸ್ತರು ಹಾಳೆಯನ್ನು ಮೂಸಿ ನೋಡಿದರು.
"ಇದರಲ್ಲಿ ಒಂದಷ್ಟು ನನ್ನ ಹೆಂಡತಿಯ ತುಪ್ಪ.
ಸೋಡಾ ಹಾಕಿ ತೊಳೆದು ಮತ್ತೆ ತೂಗಿ."

ಎರಡನೆಯ ಚೀಟಿ: ೬.೫
ಗುರುವನ ಕೈಯ ಕನ್ನಡ ಅಂಕಿ,
ಆರರ ಬಾಲ ಸ್ವಲ್ಪವೂ ನಡುಗಿಲ್ಲ.
ಹದಿನಾರು ಮೈಕ್ರಾನ್ ಹಾಳೆ, ಮೂರು ತುಪ್ಪ.

ಚೀಟಿ ತಂದವನು ಗುರುವನಲ್ಲ,
ಅವನ ಕೋಣೆಯ ಹುಡುಗ.
ಚಿನ್ನದ ತಕ್ಕಡಿಯಲ್ಲಿ ಏನು ತೂಗಿದೆ, ಏನು ಕೆರೆದು ಒಯ್ಯುತ್ತೀ ಎಂದು
ಅಂಗಿ ಬಿಚ್ಚಿಸಿ ಹುಡುಕಿದರಂತೆ.
ಸಿಕ್ಕಿದ್ದು ಒಂದು ಹಾಳೆ,
ಅದೂ ತೊಳೆದದ್ದು.
ಸಂಜೆಯ ಬಸ್ಸಿಗೆ ಊರಿಗೆ ಹೋದನಂತೆ.
ಯಾವ ಊರು ಎಂದು ನಮಗಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಈಗ ಭಾಯಂದರಿನಲ್ಲಿ
ಸ್ಟೀಲು ಡಬ್ಬಿ ಒತ್ತುವ ಕಾರ್ಖಾನೆಗೆ ನಾನು ಸೂಪರ್‌ವೈಸರ್.
ತಗಡಿನ ಅಂಚಿಗೆ ಮೈಕ್ರೊಮೀಟರ್ ಕಚ್ಚಿಸಿ ನಂಬುವವನಲ್ಲ,
ಅಂಚು ಯಾವಾಗಲೂ ನೆಂಟರೆದುರಿನ ಮಗುವಿನಂತೆ.
ತೂಗುತ್ತೇನೆ.
ಕಳೆದ ಮಂಗಳವಾರದ್ದು ಅರುವತ್ತಕ್ಕೆ ಅರುವತ್ತು,
ಸಾವಿರದ ನಾನೂರ ಇಪ್ಪತ್ತೆರಡು ಗ್ರಾಂ.
ಏಳು ಬಿಂದು ಒಂಬತ್ತರಿಂದ ಭಾಗಿಸಿದರೆ, ಮುಂದಿನದು ಬಾಯಿಪಾಠ:
ಸರಿಯಾಗಿ ಅರ್ಧ ಮಿಲಿಮೀಟರ್.
ಸಹಿ ಹಾಕಿದೆ.

ಪ್ರೆಸ್ಸಿನಡಿ ನಟ್ಟನಡುವೆ ಹರಿಯಿತು,
ಹೆಬ್ಬೆರಳು ತೂರುವಷ್ಟು.

ತೂಕ ಸುಳ್ಳು ಹೇಳಿರಲಿಲ್ಲ.
ಅಂಚಿನ ದಪ್ಪವನ್ನು ನಡುವಿಗೂ
ಸಮನಾಗಿ ಹಂಚಿ ಹೇಳಿತ್ತು.

ಆ ವರ್ಷ ನಮ್ಮ ಎಸ್ಸೆಸ್ಸಿ ಫಲಿತಾಂಶ ಶೇಕಡ ಎಂಬತ್ತು,
ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ.
ಭಾಗಿಸುವಾಗ ಗುರುವನನ್ನು ಸೇರಿಸಿದ್ದರೋ ಬಿಟ್ಟಿದ್ದರೋ
ನಾನು ಕೇಳಲಿಲ್ಲ, ಪೇಡೆ ತಿನ್ನುತ್ತಿದ್ದೆ.

ಹರಿದ ತಗಡನ್ನು ಗುಜರಿಯವನು ಒಯ್ದ.
ಕಿಲೋ ಲೆಕ್ಕದಲ್ಲಿ ತೂಗಿದ,
ದಪ್ಪ ಕೇಳಲಿಲ್ಲ.