ಮೊಣಕೈ ಅಳತಿ

ನವಿ ಪೇಟೆಯ ಅಂಗಡಿಯಾಂವ ಮೊದಲು ತೆಗೆದದ್ದು ಕರೀದು,
ಮ್ಯಾಲೊಂದು ದುರ್ಬೀನು, ಮಿಂಚೂ ನಳಿಗಿ.
‘ಹುಡುಗರು ಇದನ್ನೇ ಕೇಳ್ತಾವ, ಮಾಲಕ್ರ.’
ಸೊಲ್ಲಾಪುರದಾಗ ಇಪ್ಪತ್ತಾರು ವರ್ಷ
ಮಂದಿ ಮಗ್ಗ ನಡಿಸೀನಿ,
ಮಾಲಕ ಅಂದಾಂವ ಇವನೊಬ್ಬ.

ಕಸ್ತೂರಿ ಎತ್ತಿದಳು. ನಳಿಗಿ ನೆಲದ ಕಡೆ ಇಳೀತು,
ನೀರಡಿಸಿದ ಎತ್ತಿನ ಕುತ್ತಿಗಿಹಂಗ, ಮೆಲ್ಲಕ.
‘ಭಾರ ಇಲ್ಲಪ್ಪಾ,’ ಹಲ್ಲು ಕಚ್ಚಿ ಅಂದಳು.

ಕೋಚ್ ಬಾಯಿ ಚೀಟಿ ಬರೆದು ಕೊಟ್ಟಿದ್ದರು:
ಬಂದೂಕು ಆಮ್ಯಾಲ, ಮೊದಲು ಹುಡುಗಿಯ ಮೊಣಕೈ ನೋಡ್ರಿ.
ಹಿಂದಿನ ಮರ ಮೊಣಕೈ ಸಂದಿಗೆ ಇಟ್ಟರ
ಬೆರಳು ಕುದುರಿಗೆ ತಾನಾಗಿ ಮುಟ್ಟಬೇಕು.

ನನಗ ತಿಳಿಯೂದು ಚಾದರ ಅಷ್ಟೇ.
ಹಾಸು ಭಾಳ ಬಿಗಿದರ ಎಳಿ ಹರೀತದ,
ಸಡಿಲ ಬಿಟ್ಟರ ನವಿಲು ಹೋಗಿ ಕೋಳಿ ಆಗತದ.
ಇದೂ ಹಂಗೇ ಏನೋ.

ಮೂಲ್ಯಾಗ ಒಂದು ಹಳೇದು ಒರಗಿತ್ತು.
ಗಾಳಿ ಬಂದೂಕು, ತೆಳು ಮರ, ದುರ್ಬೀನಿಲ್ಲ,
ತುದಿಗೆ ಎಳ್ಳಿನಷ್ಟು ಗುರಿ.
ಯಾರೋ ಬೆಳೆದು, ಗಿಡ್ಡ ಆತಂತ ಬಿಟ್ಟು ಹೋದದ್ದು.
ಮರದ ಮ್ಯಾಲ ಮೊಳಿಲೆ ಕೆತ್ತಿದ ಹೆಸರು: ತಹಸೀನ.

ಕಸ್ತೂರಿಯ ಬೆರಳು ಮುಟ್ಟಿತು.

ಹಿತ್ತಲ ಗ್ವಾಡಿಗೆ ರಟ್ಟು ಹಚ್ಚಿ, ಒಂದೇ ಛರ್ರಾ ಕೊಟ್ಟ.
ಸಪ್ಪಳ ನನಗ ಕೇಳಲಿಲ್ಲ;
ನನ್ನ ಕಿವಿ ಮಗ್ಗ ತಿಂದು ಭಾಳ ದಿನ ಆತು.
ಹೆಗಲು ನೋಡಿದೆ. ಅಲುಗಲಿಲ್ಲ.
ರಟ್ಟಿಗೆ ಹತ್ತಿತೋ ಇಲ್ಲೋ, ಕೇಳೂದ ಮರೆತೆ.

ರೊಕ್ಕ ಎಣಿಸೂ ಮುಂದ ಅಂಗಡಿಯಾಂವ ಅಂದ,
‘ಆ ಹೆಸರು ಉಸುಕಿನ ಕಾಗದದಿಂದ ತಿಕ್ಕಿ ತೆಗೀಲೇನು?’
‘ಬ್ಯಾಡ,’ ಅಂದಳು ಕಸ್ತೂರಿ,
‘ಕೆಳಗ ಜಾಗ ಅದ.’